ಹಲ್ಲಿನವಳ ಮನೆ

ಇಪ್ಪತ್ತೊಂಬತ್ತು ವರ್ಷ ಈ ಊರಿನ ಬಾಯೊಳಗೆ
ದೀಪ ಬಿಟ್ಟು ಇಣುಕಿದವಳು ನಾನು.
‘ಸಿಹಿ ಬೇಡ, ಪುಟ್ಟಾ’ ಎಂದು
ಎಷ್ಟು ಸಾವಿರ ಸಲ ಅಂದಿದ್ದೇನೋ.
ಈಗ ಅಕ್ಟೋಬರ್ ಮೂವತ್ತೊಂದು, ಸಂಜೆ ಐದೂಮುಕ್ಕಾಲು.
ಮಡಿಲಲ್ಲಿ ಸ್ಟೀಲಿನ ಬೋಗುಣಿ,
ಬೋಗುಣಿಯಲ್ಲಿ ಮೂವತ್ತನಾಲ್ಕು ಡಾಲರಿನ ಪಾಪ.

ಹೊರಗೆ ಸರೋವರದ ಕಡೆಯಿಂದ ಗಾಳಿ,
ಗಾಳಿಯ ಬೆನ್ನಿಗೇ ಮೊದಲ ಹಿಮದ ಪುಡಿ.
ಡುಲೂತಿನಲ್ಲಿ ಯಾವ ದೆವ್ವವೇ ಆಗಲಿ
ವೇಷದ ಮೇಲೆ ದಪ್ಪ ಜಾಕೆಟ್ ತೊಡಬೇಕು, ಅಮ್ಮನ ಅಪ್ಪಣೆ.
ರಕ್ತಪಿಶಾಚಿಗೆ ಉಣ್ಣೆಯ ಟೋಪಿ.
ಅಸ್ಥಿಪಂಜರಕ್ಕೆ ನೆಗಡಿ.

ಒಂದು ವರ್ಷ, ಮಾತಿಗೂ ಕೈಗೂ ತಾಳ ಕೂಡಲಿ ಅಂತ
ಚಾಕೊಲೇಟಿನ ಬದಲು ಟೂತ್‌ಬ್ರಷ್ ಹಂಚಿದ್ದೆ.
ಬೆಳಗಾಗೆದ್ದು ನೋಡಿದರೆ ಅಂಗಳದ ಹುಲ್ಲಿನಲ್ಲಿ
ಅಷ್ಟನ್ನೂ ಸಾಲಾಗಿ ನೆಟ್ಟು ಹೋಗಿದ್ದರು,
ಇಲಿಗಳ ಸ್ಮಶಾನದ ಹಾಗೆ.
ಸಿಟ್ಟು ಬಂತು. ಆಮೇಲೆ ನಗು.
ನಲವತ್ತೊಂದು. ಎಣಿಸುತ್ತ ಕಿತ್ತೆ.
ಒಂದರಲ್ಲಿ ಇವತ್ತಿಗೂ ಸಿಂಕಿನ ಮೂಲೆ ತಿಕ್ಕುತ್ತೇನೆ.

ನನ್ನಮ್ಮ ಹಿಲ್ಮಾ ಈ ಹಬ್ಬವನ್ನು ಒಪ್ಪಿದವಳೇ ಅಲ್ಲ.
ಸೈತಾನನ ಕೆಲಸ ಎನ್ನುವಳು, ಫಿನ್ನಿಶ್‌ನಲ್ಲಿ;
ನೆರೆಯವರಿಗೂ ತಿಳಿಯಲಿ ಎಂದು ಮತ್ತೊಮ್ಮೆ ಇಂಗ್ಲಿಷಿನಲ್ಲಿ.
ದೀಪ ಆರಿಸಿ, ಅಡುಗೆಮನೆಯ ನೆಲಕ್ಕೆ
ಐದೂ ಮಕ್ಕಳನ್ನು ಕೂರಿಸಿ
ಕತ್ತಲಲ್ಲೇ ಬಟಾಣಿ ಸಾರು ಬಡಿಸುವಳು.
ಚಮಚ ತಟ್ಟೆಗೆ ತಾಗಿದರೆ ತೊಡೆಗೆ ಚಿವುಟು.
ಹೊರಗೆ ಮೆಟ್ಟಿಲ ಮೇಲೆ ಪಾದಗಳು ಬಂದು,
ನಿಂತು,
ಪಿಸುಗುಟ್ಟಿ,
ಹೋಗುತ್ತಿದ್ದವು.
ದೆವ್ವಕ್ಕೆ ಹೆದರಲಿಲ್ಲ ನಾನು.
ಈ ಮನೆಯಲ್ಲಿ ಯಾರೂ ಇಲ್ಲ ಅಂತ
ಅವರು ನಂಬಿಯೇಬಿಟ್ಟರೆ?

ಹಲ್ಲಿದ್ದಾಗ ಕಡಲೆ ಇರಲಿಲ್ಲ, ಬಿಡಿ.
ಈಗ ಬೋಗುಣಿ ತುಂಬ ಇದೆ;
ಮೇಲಿನ ಸಾಲು ಮಾತ್ರ ನನ್ನದಲ್ಲ.

ಬಂದರು. ಮುಖವಾಡ ಯಾವುದಾದರೇನು,
ಬಾಯಿ ತೆರೆದರೆ ಸಾಕು, ನನಗೆ ಗುರುತು.
ಈ ಮಾಟಗಾತಿ ಟೆಸ್ಸಾಳ ಮಗಳು, ಅದೇ ಸಂದು.
ಈ ಕಡಲ್ಗಳ್ಳನ ಮೊದಲ ಹಾಲುಹಲ್ಲನ್ನು
ಪುಟ್ಟ ಡಬ್ಬಿಯಲ್ಲಿಟ್ಟು ಕೊಟ್ಟವಳು ನಾನೇ.
ರಟ್ಟಿನ ಪೆಟ್ಟಿಗೆಯೊಳಗೆ ಒಬ್ಬ ವಾಷಿಂಗ್ ಮಷೀನ್ ಆಗಿದ್ದಾನೆ,
ಹೊಟ್ಟೆಯ ದುಂಡು ಕಿಟಕಿಯಲ್ಲಿ ನಿಜವಾದ ಒದ್ದೆ ಕಾಲುಚೀಲ.
ಅವನಿಗೆ ಮೂರು.

ಏಳು ಗಂಟೆಗೆ ಸೇತುವೆಯಾಚೆಯಿಂದ ವ್ಯಾನು.
ಹನ್ನೊಂದು ಮಕ್ಕಳು, ಒಂದೇ ಟಾರ್ಚು.
ಎದುರುಮನೆಯ ಮರ್ಲಿನ್ ಫೋನಿನಲ್ಲಿ:
‘ಇವರು ನಮ್ಮವರಲ್ಲ, ಐಲಿ. ನಾನು ದೀಪ ಆರಿಸಿದೆ.’
ನಾನೂ ಕೈಯನ್ನು ಸ್ವಿಚ್ಚಿನವರೆಗೆ ಒಯ್ದೆ, ಸುಳ್ಳೇಕೆ.
ಬೋಗುಣಿಯ ತಳ ಕಾಣುತ್ತಿತ್ತು. ಮೊಣಕಾಲು ಬೇರೆ ನೋಯುತ್ತಿತ್ತು.
ಹೇಳಲು ನಾಚಿಕೆಯಾಗುವ ಕಾರಣ ಇನ್ನೊಂದು:
ಹೋದ ವರ್ಷ ಅವರಲ್ಲೊಬ್ಬರೂ ಥ್ಯಾಂಕ್ಸ್ ಅನ್ನಲಿಲ್ಲ.

ಮೆಟ್ಟಿಲ ಮೇಲೆ ಪಾದಗಳು ಬಂದು,
ನಿಂತು,
ಪಿಸುಗುಟ್ಟಿ—

ಬಾಗಿಲು ತೆರೆದೆ.

ಮುಂದಿದ್ದಳು ರಟ್ಟಿನ ಕಿರೀಟದ ರಾಣಿ, ಆರೇಳು ವರ್ಷ,
ಬಾಯಿಗೆ ಅಂಗೈ ಅಡ್ಡ ಹಿಡಿದೇ ಕೇಳಿದಳು.
ಚೀಲ ಚಾಚಲು ಕೈ ತೆಗೆದಾಗ ಕಂಡೆ:
ಮುಂದಿನ ನಾಲ್ಕೂ ಹಲ್ಲು ಬುಡದವರೆಗೆ ಕಂದು.
ಆ ಬಾಯೊಳಗೆ ಯಾರೂ ಇದುವರೆಗೆ ದೀಪ ಬಿಟ್ಟಿಲ್ಲ.

ಕೊಟ್ಟರೆ ತಪ್ಪು. ಕೊಡದಿದ್ದರೆ
ಅದೆಂಥ ತಪ್ಪು ಎಂದು ನನ್ನ ತೊಡೆಗೇ ಗೊತ್ತು.
ಬೋಗುಣಿಯಲ್ಲಿ ಕೈಯಾಡಿಸಿದೆ.
ಟಾಫಿ ಅಂಟುತ್ತದೆ, ಚಾಕೊಲೇಟಾದರೆ ಬೇಗ ಕರಗುತ್ತದೆ;
ತಳದಿಂದ ಹುಡುಕಿ ಹುಡುಕಿ ಹನ್ನೊಂದನ್ನು ತೆಗೆದೆ.
ನನ್ನ ವಿದ್ಯೆಯೆಲ್ಲ ಆ ರಾತ್ರಿ ಇಷ್ಟಕ್ಕೆ ಬಂತು.
ರಾಣಿ ಥ್ಯಾಂಕ್ಸ್ ಅನ್ನಲಿಲ್ಲ.
ನನ್ನ ಚಪ್ಪಲಿ ನೋಡಿ ‘ಮೊಲ’ ಅಂದಳು. ಹೌದು, ಮೊಲದ ಚಪ್ಪಲಿ.

ವ್ಯಾನು ಹೋಯಿತು.
ಉಳಿದ ಟಾಫಿ ನಾನೇ ಬಾಯಿಗೆ ಹಾಕಿಕೊಂಡೆ,
ಕಟ್ಟಿಸಿಕೊಂಡ ಹಲ್ಲಿಗೆ ಅಂಟಿತು, ಅಂಟಲಿ.
ಎದುರುಮನೆಯ ಕತ್ತಲಲ್ಲಿ ಪರದೆ ಅಲುಗಿತು.
ಚಮಚ ತಟ್ಟೆಗೆ ತಾಗಿದ ಸದ್ದು
ರಸ್ತೆ ದಾಟಿ ಕೇಳುವುದಿಲ್ಲ, ಗೊತ್ತು.