ವಿಳಾಸ ಬದಲಿಸಬೇಡಿ

ಪಾದ್ರಿಗಳೇ,
ಲ್ಯಾಬ್ರಡಾರಿನಿಂದ ಮಾರ್ಚಿಯಲ್ಲಿ ಬರೆದ ನಿಮ್ಮ ಕಾಗದ
ಮೊನ್ನೆ ಕೈಸೇರಿತು, ಜೂನಿನಲ್ಲಿ.
ಲಕೋಟೆಯ ಮೇಲೆ ನಾಲ್ಕು ಮುದ್ರೆ, ಒಂದು ಮೀನೆಣ್ಣೆಯ ಕಲೆ.
"ಸ್ಪರ್ ಕೋವಿನ ಸಭೆಗೆ" ಎಂದು ಬರೆದಿದ್ದೀರಿ.
ಹಾಗೆ ಬರೆಯುವವರು ಈಗ ನೀವೊಬ್ಬರೇ.

ಕೇಳಿದ್ದೀರಿ: ಚರ್ಚಿನ ಒಲೆ ಇನ್ನೂ ಹೊಗೆ ಕಾರುತ್ತದೆಯೇ,
ಸಲೀನಾಳ ಮೇಕೆ ಪ್ರಸಂಗದ ನಡುವೆ ಬಾಗಿಲು ತಳ್ಳುತ್ತದೆಯೇ,
ಹಿಜ್ಕೀಯ ಮುದುಕ ಈಗಲೂ ಕೀರ್ತನೆಯನ್ನು
ಎಲ್ಲರಿಗಿಂತ ಅರ್ಧ ಸಾಲು ಮುಂದೆ ಓಡಿಸುತ್ತಾನೆಯೇ.
ಏನು ಬರೆಯಲಿ.
ಒಲೆ ಮಾರಿದೆವು.
ಹಿಜ್ಕೀಯ ಏಪ್ರಿಲಿನಲ್ಲಿ ಹೋದ,
ಎಲ್ಲರಿಗಿಂತ ಅರ್ಧ ಸಾಲು ಮುಂದೆ.

ಸರ್ಕಾರದಿಂದ ಇಬ್ಬರು ಬಂದಿದ್ದರು, ಟೈ ಕಟ್ಟಿದವರು.
ದೋಣಿಯಿಂದ ಇಳಿಯುವಾಗಲೇ ಒಬ್ಬನ ಬೂಟು ನೀರುಪಾಲು.
ಇಪ್ಪತ್ತೊಂಬತ್ತು ಮನೆ, ಡಾಕ್ಟರಿಲ್ಲ, ರಸ್ತೆಯಿಲ್ಲ,
ಹೊರಡಲು ಒಪ್ಪುವವರು ಕೈಯೆತ್ತಿ ಎಂದರು.
ಚರ್ಚಿನಲ್ಲೇ ಎತ್ತಿದೆವು.
ನೀವು ಆಶೀರ್ವಾದಕ್ಕೆ ನಿಲ್ಲುತ್ತಿದ್ದ ಜಾಗದಲ್ಲಿ
ಅವನು ಒಂದೇ ಬೂಟಿನಲ್ಲಿ ನಿಂತು ಎಣಿಸಿದ.

ಆಮೇಲೆ ಮನೆಗಳನ್ನು ನೀರಿಗಿಳಿಸಿದೆವು,
ಸುತ್ತ ಖಾಲಿ ಪೀಪಾಯಿ ಕಟ್ಟಿ. ಆರು ದೋಣಿ ಎಳೆದವು.
ನನ್ನ ಅಡುಗೆಮನೆ ಸಮುದ್ರದ ಮೇಲೆ ಹೋಗುವುದನ್ನು
ನಾನು ಇನ್ನೊಂದು ದೋಣಿಯಲ್ಲಿ ಕೂತು ನೋಡಿದೆ.
ಕಿಟಕಿಯ ಪರದೆ ಕೂಡ ಬಿಚ್ಚಿರಲಿಲ್ಲ.
ಒಂದು ಲೋಟವೂ ಒಡೆಯಲಿಲ್ಲ ಎಂದು
ನನ್ನವನು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.
ಒಂದಾದರೂ ಒಡೆಯಬೇಕಿತ್ತು.

ಬರುವುದು ಹೋಗುವುದು ನಿಮ್ಮ ಕೆಲಸವಾಗಿತ್ತು,
ಇರುವುದು ನಮ್ಮದು.
ಏಳು ಕೊಲ್ಲಿಗೆ ಒಬ್ಬರೇ ನೀವು, ಆರು ವಾರಕ್ಕೊಮ್ಮೆ.
ನಿಮ್ಮ ಎಂಜಿನ್ನಿನ ಕೆಮ್ಮು ಬಂಡೆಯಾಚೆ ಕೇಳಿದ್ದೇ
ಹಿಟ್ಟಿನ ಕೈಯಲ್ಲೇ ಗಂಟೆಯ ಹಗ್ಗಕ್ಕೆ ಓಡುತ್ತಿದ್ದೆ.
ಹಗ್ಗ ಯಾಕೆ ಬೆಳ್ಳಗಿದೆ ಎಂದು ನೀವು ಕೇಳಲೇ ಇಲ್ಲ.

ಈಗ ಸಭೆ ಐದು ಊರುಗಳಲ್ಲಿದೆ.
ಇಲ್ಲಿ ದೊಡ್ಡ ಚರ್ಚು, ಬಿಸಿನೀರಿನ ಕೊಳವೆ, ಹೊಗೆಯಿಲ್ಲ.
ಕೊನೆಯ ಬೆಂಚಿನಲ್ಲಿ ಕೂರುತ್ತೇವೆ.
ಪಾದ್ರಿ ಒಳ್ಳೆಯ ಹುಡುಗ, ಹೊರಡುವಾಗ ಕೈಕುಲುಕಿ
ಮಿಸೆಸ್ ಪಾರ್ಸನ್ಸ್, ಹೇಗಿದ್ದೀರಿ ಎನ್ನುತ್ತಾನೆ.
ಅದು ನನ್ನ ಹೆಸರಲ್ಲ. ತಿದ್ದಲು ಹೋಗಿಲ್ಲ.

ನಿಮ್ಮ ಕಾಗದವನ್ನು ಎರಡು ಸಲ ಓದಿ
ಸಲೀನಾಗೆ ಕಳಿಸುತ್ತೇನೆ. ಅವಳಿಂದ ಬ್ಯೂಲಾಗೆ,
ಬ್ಯೂಲಾಳಿಂದ ಪೆಲ್ಲಿ ಅಣ್ಣತಮ್ಮಂದಿರಿಗೆ
(ಅವರು ಓದುವುದಿಲ್ಲ, ಮಗಳು ಗಟ್ಟಿಯಾಗಿ ಓದುತ್ತಾಳೆ).
ಅಂಚಿನಲ್ಲಿ ಎಲ್ಲರೂ ಒಂದೊಂದು ಮಾತು ಗೀಚುತ್ತಾರೆ.
ಸುತ್ತು ಮುಗಿದು ನನ್ನ ಬಾಗಿಲಿಗೆ ಬರಲು ಆರು ವಾರ.
ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿದೆ.

ಅದಕ್ಕೇ, ವಿಳಾಸ ಬದಲಿಸಬೇಡಿ.
ಅಂಚೆಯವನಿಗೆ ಹೇಳಿಟ್ಟಿದ್ದೇನೆ, ಅವನಿಗೆ ದಾರಿ ಗೊತ್ತು.
ಮುಂದಿನ ಸಲವೂ ಒಲೆಯ ವಿಷಯ ಕೇಳಿ.

ಇಂತಿ,
ಟ್ರೈಫೀನಾ ಕೀಪಿಂಗ್

ಮೇಕೆಯನ್ನು ಹೊರಡುವ ಹಿಂದಿನ ರಾತ್ರಿ ತಿಂದೆವು.
ರುಚಿಯಾಗಿತ್ತು. ಸಲೀನಾ ಮುಟ್ಟಲಿಲ್ಲ.
ಈ ಸಾಲು ಅವಳಿಗೆ ಕಾಣದಂತೆ ಬೇರೆ ಚೀಟಿಯಲ್ಲಿ ಬರೆದಿದ್ದೇನೆ.