ಷರಾ

ಮದಕದ ಮೂಡು ಬದಿ, ಮೂರನೆಯ ಮೆಟ್ಟಿಲು.
ಅಲ್ಲಿಂದಲೇ. ಬೇರೆ ಮೆಟ್ಟಿಲಲ್ಲಿ ನಿಂತು ಅಳೆದರೆ ಲೆಕ್ಕಕ್ಕಿಲ್ಲ.
ತಿಂಗಳ ಮೊದಲ ಶನಿವಾರ, ಹತ್ತೂವರೆಗೆ,
ಬಿಸಿಲು ಕುಂಟಾಲ ಮರದ ನೆತ್ತಿ ದಾಟಿದ ಮೇಲೆ.

ಪೆಟ್ಟಿಗೆಯಲ್ಲಿ ಉಷ್ಣಮಾಪಕ,
ಹುಳಿ ಒಗರು ಹೇಳುವ ಕಾಗದದ ಸುರುಳಿ,
ನೈಟ್ರೇಟಿಗೆ ಎರಡು ಹನಿಬಾಟಲಿ.
ನಾವು ಸಣ್ಣದಿರುವಾಗ
ಗೇರುಗುಡ್ಡೆಯ ಮೇಲೆ ಹಾರುತ್ತಾ ಸುರಿದುಹೋದದ್ದಕ್ಕೆ
ಈ ಪೆಟ್ಟಿಗೆಯಲ್ಲಿ ಬಾಟಲಿ ಇಲ್ಲ.

ಫಾರಂ ಪಂಚಾಯತಿನದು, ಮಲೆಯಾಳದ್ದು.
ಅಂಕೆಗಳಿಗೆ ಯಾವ ಭಾಷೆಯಾದರೂ ಆದೀತು, ತುಂಬುತ್ತೇನೆ.
ಕೊನೆಯ ಅಂಕಣ, ಷರಾ,
ಅದೊಂದನ್ನು ಕನ್ನಡದಲ್ಲೇ ಬರೆಯುವುದು.
ಏಳು ವರ್ಷ ಆಯಿತು,
ಎಂತ ಬರೆದದ್ದೆಂದು ಒಬ್ಬರೂ ಕೇಳಲಿಲ್ಲ.

‘ಜೂನ್. ಕೆಂಪು. ಗುಡ್ಡೆಯೇ ಇಳಿದು ಬಂದ ಹಾಗೆ.
ಸೆಪ್ಟೆಂಬರ್. ಹುಂಡುಕೋಳಿ, ಹಿಂದೆ ನಾಲ್ಕು ಮರಿ.
ಫೆಬ್ರವರಿ. ಬೀಪಾತುಮ್ಮ ಚಾಪೆ ತೊಳೆದಿದ್ದಾರೆ, ನೊರೆ ಪಡುಬದಿಗೆ.
ಏಪ್ರಿಲ್. ಸಣ್ಣ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ.
ನನಗೂ ಸೆಕೆ.’

ಮುಖ್ಯ ಕೆಲಸ ತಟ್ಟೆಯದ್ದು.
ಶಾಲೆಯ ಮಧ್ಯಾಹ್ನದೂಟದ ತಟ್ಟೆ, ನಾಲ್ಕು ಪಾಲು ಮಾಡಿ
ಎರಡಕ್ಕೆ ಕಪ್ಪು ಎರಡಕ್ಕೆ ಬಿಳಿ ಬಳಿದದ್ದು,
ಅಡಿಗೆ ಭಾರಕ್ಕೊಂದು ಮುರಕಲ್ಲಿನ ತುಂಡು,
ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದು ಗಂಟು.
ಇಳಿಸುತ್ತೇನೆ, ಇನ್ನೂ ಇಳಿಸುತ್ತೇನೆ,
ಬಿಳಿ ಹಸಿರಾಗುತ್ತದೆ, ಕಪ್ಪು ಎಲ್ಲಿತ್ತೆಂದು ತಿಳಿಯುವುದಿಲ್ಲ,
ತಟ್ಟೆ ಮಾಯವಾದ ಗಂಟು ಎಷ್ಟನೆಯದೋ
ಅದೇ ಆ ತಿಂಗಳಿನ ಸತ್ಯ.

ಮೊದಲ ವರ್ಷದ ನವೆಂಬರಿಗೆ ಹದಿನಾರು ಗಂಟು.
ಮೂರನೆಯ ವರ್ಷ ಹದಿಮೂರು.
ಐದಕ್ಕೆ ಹನ್ನೊಂದು.
ಕೋಳಿ ಫಾರಮಿನ ಕುಂಞಂಬುವಿನ ಅಂಗಳಕ್ಕೆ ಹೋಗಿ
ಪುಸ್ತಕ ಬಿಡಿಸಿ ತೋರಿಸಿದೆ, ಗಂಟಲು ಏರಿಸಿದೆ.
ಅವ ಚರಂಡಿ ತಿರುಗಿಸಿದ, ಹೊಂಡ ತೋಡಿದ, ಬಿಲ್ಲೂ ತೋರಿಸಿದ.
ಮರುವರ್ಷ ಹತ್ತು.
ನಂಬಲಿಲ್ಲ ನಾನು. ರಾತ್ರಿ ಬಿಡುತ್ತಾನೆಂದು
ನಾಲ್ಕು ಜನರೆದುರು ಹೇಳಿದೆ.
ಆಮೇಲೆ ನಾವು ಮಾತಾಡಲಿಲ್ಲ.

ಈ ನವೆಂಬರ್, ಎಂಟನೆಯ ಕ್ಲಾಸಿನ ರಂಸೀನಾ ಪೆಟ್ಟಿಗೆ ಹಿಡಿದಿದ್ದಳು.
ಒಂಬತ್ತಕ್ಕೆ ನಿಲ್ಲಿಸಿದೆ.
‘ಟೀಚರ್, ಇನ್ನೂ ಬಿಡಿ. ಕಾಣ್ತದಲ್ಲ.’
(ಟೀಚರಲ್ಲ ನಾನು, ಲ್ಯಾಬಿನ ಅಟೆಂಡರು.
ಬಾಟಲಿ ತೊಳೆಯುವ ಕೈ ಎಂದು ಅವಳಿಗೆ ಯಾರೂ ಹೇಳಲಿಲ್ಲ.)
ಹತ್ತು.
‘ಇನ್ನೂ.’
ಹನ್ನೊಂದು.
ಹನ್ನೆರಡು. ‘ಹಾಂ, ಈಗ ಹೋಯ್ತು.’

ಎಡಗಣ್ಣು ಮುಚ್ಚಿ ನೋಡಿದೆ. ಬಲಗಣ್ಣು ಮುಚ್ಚಿ ನೋಡಿದೆ.
ಮೆಟ್ಟಿಲ ಮೇಲೆ ಕೂತೆ.

ಕಾಸರಗೋಡಿನ ಡಾಕ್ಟರು ಟಾರ್ಚು ಬಿಟ್ಟು
‘ಪೊರೆ ಬಂದಿದೆ’ ಎಂದರು, ‘ಎಷ್ಟು ಸಮಯದಿಂದ?’
‘ಬರೆದಿಟ್ಟಿದ್ದೇನೆ’ ಎಂದೆ,
‘ತಿಂಗಳು ತಿಂಗಳಿನದ್ದೂ ಉಂಟು.’

ಬಸ್ಸಿನಲ್ಲಿ ಕೂತು ಕೂಡಿಸಿ ಕಳೆದೆ.
ಹದಿನಾರರಿಂದ ಹನ್ನೆರಡು: ಆ ನಾಲ್ಕು ಗಂಟು ನೀರಿನದ್ದೇ,
ರಬ್ಬರು ಶೀಟಿನ ಹುಳಿನೀರಿನದ್ದು, ಕಲ್ಲುಕೋರೆಯ ಹುಡಿಯದ್ದು,
ಕುಂಞಂಬುವಿನ ಹಳೆ ಚರಂಡಿಯದ್ದೂ ಒಂದಿದ್ದೀತು.
ಹನ್ನೆರಡರಿಂದ ಒಂಬತ್ತು: ಆ ಮೂರು ನನ್ನವು.
ಯಾವ ವರ್ಷದಿಂದ ಯಾವುದು ಶುರುವೆಂದು
ಮದಕ ಹೇಳುವುದಿಲ್ಲ, ಕಣ್ಣೂ ಹೇಳುವುದಿಲ್ಲ.

ಷರಾ ಈ ಸಲ ರಂಸೀನಾಳ ಕೈಯಲ್ಲಿ
ಮಲೆಯಾಳದಲ್ಲೇ ಬರೆಸಿದೆ.
ತಪ್ಪು ಒಪ್ಪಿಕೊಳ್ಳುವುದಾದರೆ
ಓದುವವರಿಗೆ ತಿಳಿಯಬೇಕಲ್ಲ:
‘ಇಂದಿನಿಂದ ಕಣ್ಣು ಬೇರೆ.
ಹಿಂದಿನ ಅಂಕೆಗಳಲ್ಲಿ ನೋಡುವವಳ ಮಂಜು ಸೇರಿದೆ.
ತಿದ್ದಿಲ್ಲ.’

ಸಂಜೆ ಕುಂಞಂಬುವಿನ ಅಂಗಳಕ್ಕೆ ಹೋದೆ.
ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದು
ನಾಲಿಗೆಗೆ ಬರಲಿಲ್ಲ.
ಒಂದು ಡಜನ್ ಮೊಟ್ಟೆ ಕೇಳಿದೆ.
ಅವ ನನ್ನೆದುರೇ
ಎರಡು ಸಲ ಎಣಿಸಿ ಕೊಟ್ಟ.