ನಾಲ್ಕು ದವಡೆಯ ಚಕ್ಕು

ಕಾಮಾಕ್ಷಿಪಾಳ್ಯದ ಹಿಂದಿನ ಓಣಿ, ಮೂರನೇ ಶೆಡ್ಡು.
ಲೇತಿಗೆ ನನ್ನ ಮಾವನ ವಯಸ್ಸು. ಪಟ್ಟಾ ಮಾತ್ರ
ಹೋದ ವರ್ಷ ಕಲಾಸಿಪಾಳ್ಯದಿಂದ ತಂದದ್ದು,
ಇನ್ನೂ ಚರ್ಮದ ವಾಸನೆ.

ಹಲಗೆಯ ಮೇಲೆ ಎರಡು ಚಕ್ಕು.
ಮೂರು ದವಡೆಯದು ಜಾಣ. ಒಂದು ಕಡೆ ಕೀಲಿ ತಿರುವಿದರೆ
ಮೂರೂ ಒಟ್ಟಿಗೆ ಒಳಗೆ ಬರುತ್ತವೆ,
ಕವಾಯತಿನ ಹುಡುಗರಂತೆ.
ದುಂಡಗಿದ್ದವರನ್ನೇ ಹೆಚ್ಚು ಮಾತಾಡಿಸುತ್ತದೆ.

ನಾಲ್ಕರದು ಹಾಗಲ್ಲ. ಒಂದೊಂದಕ್ಕೆ ಒಂದೊಂದು ತಿರುಪು,
ಒಂದೊಂದಕ್ಕೆ ಒಂದೊಂದು ಹಟ.
ಇದನ್ನು ಸಡಿಲಿಸಿ, ಎದುರಿನದನ್ನು ಬಿಗಿದು,
ಕೈಯಲ್ಲೇ ತಿರುಗಿಸುತ್ತ ಸೀಮೆಸುಣ್ಣ ತಾಗಿಸಿದರೆ
ಗೀರು ಬಿದ್ದ ಕಡೆ ಉಬ್ಬು.
ಮತ್ತೆ ಸಡಿಲಿಸು, ಮತ್ತೆ ಬಿಗಿ.
ಗೀರು ಸುತ್ತ ಒಂದೇ ಸಮ ಹರಿಯುವಷ್ಟರಲ್ಲಿ
ಚಹಾದ ಮೇಲೆ ಕೆನೆ ಕಟ್ಟಿರುತ್ತದೆ.

'ಕೀಲಿ ಚಕ್ಕಿನಲ್ಲಿದ್ದರೆ ಕೈ ಕೀಲಿ ಮೇಲಿರಬೇಕು.'
ಖಲಂದರ್ ಮೇಸ್ತ್ರಿ ಇದನ್ನು ಹೇಳಿದ್ದು ಒಂದೇ ಸಲ.
ಹೇಳಿ, ತಗಡಿನ ಸೂರಿನ ತೂತು ತೋರಿಸಿದರು.
ಹನ್ನೊಂದು ಗಂಟೆಗೆ ಅದರಿಂದ ಬಿಸಿಲು ಇಳಿಯುತ್ತದೆ,
ಬೆಡ್ಡಿನ ಮೇಲೆ, ಎಂಟಾಣೆಯಗಲ.

ಮೊದಲ ತಿಂಗಳು ನನಗೆ ಸಿಕ್ಕಿದ್ದೊಂದು ಹಿತ್ತಾಳೆ ಬಳೆ,
ಯಾವುದೋ ಪಂಪಿನ ಬುಶ್ಶು, ತೆಳು.
ಜಾರೀತೆಂದು ಮೈಯ ಬಲವೆಲ್ಲ ಹಾಕಿ ಬಿಗಿದೆ.
ಕೊರೆದೆ. ಅಳೆದೆ. ಎಲ್ಲಿ ಅಳೆದರೂ ಒಂದೇ,
ಕೂದಲೆಳೆ ಆಚೀಚೆ ಇಲ್ಲ.
ದವಡೆ ಬಿಚ್ಚಿದೆ ನೋಡಿ,
ಉಸಿರು ಬಿಟ್ಟು
ನಾಲ್ಕು ಮೂಲೆಯಾಯಿತು.

ಮೇಸ್ತ್ರಿ ಬೈಯಲಿಲ್ಲ. ಬೆಳಕಿಗೆ ಹಿಡಿದು ನೋಡಿ
'ಹಿಡಿದಿರೋತನಕ ದುಂಡಗೇ ಇತ್ತಲ್ಲಮ್ಮ' ಅಂದರು.

ಈಗ ಅವರಿಲ್ಲ. ಕೀಲಿಯ ಹಿಡಿ ಸವೆದ ಕಡೆ
ನನ್ನ ಹೆಬ್ಬೆರಳು ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ.

ಇವತ್ತು ಕಬ್ಬನ್‌ಪೇಟೆಯ ವಿಠ್ಠಲಸಾ ಬಂದಿದ್ದಾರೆ,
ಮಗ್ಗದ ಮುರಿದ ಎಕ್ಸೆಂಟ್ರಿಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು.
ಅದರ ತೂತು ನಡುವಿನಲ್ಲಿಲ್ಲ,
ಆರು ಮಿಲ್ಲಿ ಪಕ್ಕಕ್ಕೆ. ಇದ್ದದ್ದೇ ಹಾಗೆ, ಇರಬೇಕಾದದ್ದೂ ಹಾಗೆ.
ನಡುವಿನಲ್ಲಿದ್ದರೆ ಮಗ್ಗ ಸುಮ್ಮನೆ ನಿಲ್ಲುತ್ತದೆ.

ಗಾಜಿನ ಬಳೆ ತೆಗೆದು ಟೂಲ್ ಡಬ್ಬಿಗೆ ಹಾಕಿದೆ.
ದವಡೆಗೂ ಕಬ್ಬಿಣಕ್ಕೂ ನಡುವೆ ತಾಮ್ರದ ಚೂರು.
ಒಂದು ತಿರುಪು ಒಳಗೆ, ಎದುರಿನದು ಹೊರಗೆ,
ಗೀರು ಒಂದೇ ಕಡೆ ಬೀಳುವತನಕ.

ನಿಧಾನದ ಪುಲ್ಲಿಗೆ ಪಟ್ಟಾ ಏರಿಸಿ ಬಿಟ್ಟೆ.
ಚಕ್ಕು ಕುಂಟುತ್ತ ಹೊರಟಿತು, ನೆಲವೂ ಜೊತೆಗೆ.
'ಅಮ್ಮಾ, ಅಲ್ಲಾಡ್ತಿದೆ!' ವಿಠ್ಠಲಸಾ ಗೋಡೆಗೆ ಸರಿದರು.

ಅಲ್ಲಾಡಲಿ.
ಕೀಲಿ ನನ್ನ ಕೈಯಲ್ಲಿದೆ.